ಕೈ ಬದಲಾದ ಸಣ್ಣ ಟ್ರ್ಯಾಕ್ಟರು

ಜತ್ತದ ಯಲ್ಲಮ್ಮನ ಜಾತ್ರೆಯಲ್ಲಿ ಖಿಲಾರಿ ಎತ್ತು ಕೊಳ್ಳಲು ನಿಂತ ಒಕ್ಕಲಿಗನನ್ನು ನೋಡಿರಿ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ಸುಳಿ ಹುಡುಕುತ್ತಾನೆ, ಹೆಗಲ ಮೇಲೆ ಕೈಯಾಡಿಸುತ್ತಾನೆ, ಹತ್ತು ಹೆಜ್ಜೆ ನಡೆಸಿ ತಿರುಗಿಸುತ್ತಾನೆ. ಆಮೇಲೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟಲು ಮತ್ತೆ ಅರ್ಧ ದಿನ ಬೇಕು. ಅದೇ ಒಕ್ಕಲಿಗನು ಹಳೆಯ ಟ್ರ್ಯಾಕ್ಟರು ಕೊಳ್ಳಲು ಹೋದಾಗ ಮಾತ್ರ, ಹೊಸದಾಗಿ ಬಳಿದ ಬಣ್ಣ ಕಂಡು, ಕೀಲಿ ತಿರುವಿದೊಡನೆ ಗುಡುಗಿದ ಎಂಜಿನು ಕೇಳಿ, ಅರ್ಧ ತಾಸಿನಲ್ಲಿ ಸಂಚಕಾರ ಕೊಟ್ಟು ಬರುತ್ತಾನೆ. ಎತ್ತಿಗೆ ಮಾಡಿದಷ್ಟು ಪರೀಕ್ಷೆಯನ್ನಾದರೂ ಟ್ರ್ಯಾಕ್ಟರಿಗೆ ಮಾಡಬೇಡವೇ?

ನಮ್ಮ ತಾಲೂಕಿನಲ್ಲಿ ಸಣ್ಣ ಟ್ರ್ಯಾಕ್ಟರಿಗೆ ಬೇಡಿಕೆ ಬಂದುದು ಸುಮ್ಮನೆ ಅಲ್ಲ. ಉಮದಿ, ಸಂಖದ ಕಡೆಗೆ ಜೋಳ-ಸಜ್ಜೆಯ ಹೊಲಗಳ ನಡುವೆ ದ್ರಾಕ್ಷಿ, ದಾಳಿಂಬೆಯ ತೋಟಗಳು ಎದ್ದಿವೆ. ದಾಳಿಂಬೆಯನ್ನು ಸಾಲಿನಿಂದ ಸಾಲಿಗೆ 15 ಅಡಿ, ಗಿಡದಿಂದ ಗಿಡಕ್ಕೆ 10 ಅಡಿ ಬಿಟ್ಟು ಹಚ್ಚುವುದು ರೂಢಿ. ದ್ರಾಕ್ಷಿಯ ಸಾಲುಗಳ ನಡುವೆ 9–10 ಅಡಿ ಇರುತ್ತದೆ. ಟೊಂಗೆ ಚಾಚಿದ ಮೇಲೆ ಉಳಿಯುವ ದಾರಿ ಅದಕ್ಕಿಂತ ಬಹಳ ಕಿರಿದು. ದೊಡ್ಡ ಟ್ರ್ಯಾಕ್ಟರು ಅಲ್ಲಿ ನುಗ್ಗಿದರೆ ಕಾಯಿ ಉದುರುತ್ತವೆ, ಬಳ್ಳಿ ಹರಿಯುತ್ತವೆ. ಆದುದರಿಂದ 15 ಅಶ್ವಶಕ್ತಿಯ ಒಂದೇ ಸಿಲಿಂಡರಿನ ಮಹೀಂದ್ರಾ ಯುವರಾಜ 215, ಸ್ವರಾಜ 717, ಬೆಂಗಳೂರಿನ ವಿಎಸ್‌ಟಿ ಕಂಪನಿಯ ಮೂರು ಸಿಲಿಂಡರಿನ 18.5 ಅಶ್ವಶಕ್ತಿಯ ಶಕ್ತಿ, ನಾಲ್ಕೂ ಗಾಲಿಗೆ ಬಲ ಕೊಡುವ 24 ಅಶ್ವಶಕ್ತಿಯ ಮಹೀಂದ್ರಾ ಜೀವೋ 245, ಕುಬೋಟಾ ಬಿ 2441 ಮೊದಲಾದವು ತೋಟಿಗರ ಮನಸ್ಸಿಗೆ ಬಂದಿವೆ. ಹೊಸದರ ಬೆಲೆ ಕೈಗೆ ಎಟುಕದವರು ಹಳೆಯದನ್ನು ಹುಡುಕುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಚೆನ್ನಾಗಿ ಇಟ್ಟ ಹಳೆಯ ಯಂತ್ರವು ಕೆಟ್ಟು ನಿಂತ ಹೊಸದಕ್ಕಿಂತ ಮೇಲು.

ಮೊದಲು ಕೆಲಸ ಯಾವುದು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಔಷಧ ಹೊಡೆಯುವುದು, ಸಾಲಿನ ನಡುವೆ ರೋಟಾವೇಟರು ಆಡಿಸಿ ಕಸ ತೆಗೆಯುವುದು, ತಿಪ್ಪೆಗೊಬ್ಬರ, ಮೇವು, ಕಾಯಿಯ ಕ್ರೇಟು ಸಾಗಿಸುವುದು, ಇವು ಸಣ್ಣ ಟ್ರ್ಯಾಕ್ಟರಿನ ಕೆಲಸಗಳು. ಎರೆಯ ಹೊಲವನ್ನು ಆಳವಾಗಿ ನೇಗಿಲು ಹೊಡೆಸುವುದಕ್ಕೆ ಅದು ಅಲ್ಲ. ವರ್ಷಕ್ಕೊಮ್ಮೆ ಬರುವ ಆ ಕೆಲಸಕ್ಕೆ ದೊಡ್ಡ ಟ್ರ್ಯಾಕ್ಟರನ್ನು ಬಾಡಿಗೆಗೆ ಕರೆಯಿಸಿದರೆ ಸಾಕು.

ಇನ್ನೊಂದು ಮಾತನ್ನು ನಮ್ಮವರಿಗೆ ಒತ್ತಿ ಹೇಳಬೇಕಾಗಿದೆ. ಬೇಸಿಗೆ ಬಂದೊಡನೆ ನಮ್ಮಲ್ಲಿ ಗಿಡ ಉಳಿಸಲು ಟ್ಯಾಂಕರಿನಿಂದ ನೀರು ಹೊರುವ ಪ್ರಸಂಗ ಬರುತ್ತದೆ. ಸಣ್ಣ ಟ್ರ್ಯಾಕ್ಟರುಗಳಲ್ಲಿ ಹಲವು ಒಂದು ಟನ್ನಿಗಿಂತ ಕಡಿಮೆ ತೂಗುತ್ತವೆ. 3,000 ಲೀಟರಿನ ಟ್ಯಾಂಕರು ಕಟ್ಟಿದರೆ ಬರಿಯ ನೀರೇ 3 ಟನ್ನಾಯಿತು. ಕಬ್ಬಿಣದ ತೂಕ ಬೇರೆ. ಸಮನೆಲದಲ್ಲಿ ಅದು ಹೇಗೋ ಎಳೆದೀತು. ಇಳಿಜಾರಿನಲ್ಲಿ ಮಾತ್ರ ಟ್ಯಾಂಕರೇ ಟ್ರ್ಯಾಕ್ಟರನ್ನು ದೂಡಿಕೊಂಡು ಹೋಗುತ್ತದೆ. ಬ್ರೇಕು ಹಿಡಿಯುವುದು ಟ್ರ್ಯಾಕ್ಟರಿನ ಗಾಲಿಯನ್ನೇ ಹೊರತು ಟ್ಯಾಂಕರಿನ ಗಾಲಿಯನ್ನಲ್ಲ. ತುಂಬ ಕಾಲ ನೀರು ಎಳೆದ ಸಣ್ಣ ಟ್ರ್ಯಾಕ್ಟರನ್ನು ಕೊಳ್ಳುವವನೂ ಯೋಚಿಸಬೇಕು. ಅದರ ಕ್ಲಚ್ಚು, ಗೇರು, ಹಿಂದಿನ ಆಕ್ಸಲ್ಲು ತಾಳಲಾರದ ಭಾರವನ್ನು ತಾಳಿರುತ್ತವೆ. ಮಾರುವವನ ಅಂಗಳದಲ್ಲಿ ಟ್ಯಾಂಕರು ನಿಂತಿದೆಯೇ ಎಂದು ಒಮ್ಮೆ ಕಣ್ಣು ಹಾಯಿಸಿರಿ.

ಯಂತ್ರ ನೋಡಲು ಬೆಳಿಗ್ಗೆ ಹೋಗುವುದು ಒಳ್ಳೆಯದು, ಹೇಳದೆ ಹೋದರೆ ಇನ್ನೂ ಒಳ್ಳೆಯದು. ಹೋದೊಡನೆ ಎಂಜಿನಿನ ಮೇಲೆ ಕೈ ಇಟ್ಟು ನೋಡಿರಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಚಾಲೂ ಮಾಡಿದ್ದಾರೆ ಎಂದರ್ಥ. ದಣಿದ ಎಂಜಿನು ಬಿಸಿಯಾದಾಗ ಬೇಗ ಹತ್ತುತ್ತದೆ. ತಣ್ಣಗಿದ್ದಾಗ ಹತ್ತುವುದೇ ಅದರ ನಿಜವಾದ ಪರೀಕ್ಷೆ. ಚಾಲೂ ಮಾಡುವ ಮೊದಲು ಎಣ್ಣೆಯ ಗಜಕಡ್ಡಿ ಎಳೆದು ನೋಡಿರಿ. ಎಣ್ಣೆ ಕಪ್ಪಗಿದ್ದರೆ ಚಿಂತೆಯಿಲ್ಲ, ಹಾಲು ಬೆರೆಸಿದ ಚಹದಂತಿದ್ದರೆ ನೀರು ಸೇರಿದೆ. ಅಲ್ಲಿಂದ ಮರಳಿ ಬರಬಹುದು. ರೇಡಿಯೇಟರಿನ ಮುಚ್ಚಳವನ್ನು ಎಂಜಿನು ತಣ್ಣಗಿರುವಾಗ ಮಾತ್ರ ತೆಗೆಯಿರಿ. ನಮ್ಮ ಬೋರಿನ ಗಡಸು ನೀರನ್ನೇ ವರ್ಷಗಟ್ಟಲೆ ಹೊಯ್ದಿದ್ದರೆ ಒಳಗೆ ಬಿಳಿಯ ಗಾರೆ ಕಟ್ಟಿರುತ್ತದೆ. ಅಂಥ ಎಂಜಿನು ಬೇಸಿಗೆಯ ಮಧ್ಯಾಹ್ನ ತೋಟದ ನಡುವೆ ಕಾದು ನಿಲ್ಲುತ್ತದೆ.

ಹೊಗೆಯೂ ಮಾತಾಡುತ್ತದೆ. ನೀಲಿ ಹೊಗೆ ಬಿಡದೆ ಬರುತ್ತಿದ್ದರೆ ಎಂಜಿನು ಎಣ್ಣೆ ಸುಡುತ್ತಿದೆ, ರಿಂಗು-ಪಿಸ್ಟನ್ನು ಸವೆದಿವೆ. ಕಪ್ಪು ಹೊಗೆಗೆ ಗಾಳಿಯ ಜಾಲರಿ ಕಟ್ಟಿರುವುದು, ಡೀಸಲು ಚಿಮ್ಮುವ ನಳಿಗೆ ಕೆಟ್ಟಿರುವುದು ಮೊದಲಾದ ಸಣ್ಣ ಕಾರಣಗಳೂ ಇರಬಹುದು. ಚಾಲೂ ಇರುವಾಗ ಎಣ್ಣೆ ಹೊಯ್ಯುವ ಮುಚ್ಚಳ ಸಡಿಲಿಸಿ ನೋಡಿದರೆ, ಅಲ್ಲಿಂದ ಬುಸ್ಸೆಂದು ಹೊಗೆ ನುಗ್ಗುವ ಎಂಜಿನು ದುರಸ್ತಿಗೆ ಬಂದಿದೆ ಎಂದು ತಿಳಿಯಬೇಕು.

ದ್ರಾಕ್ಷಿ ತೋಟದಲ್ಲಿ ದುಡಿದ ಟ್ರ್ಯಾಕ್ಟರಿಗೆ ಬೇರೆಯ ರೋಗವೊಂದಿದೆ. ಅದು ಹೆಚ್ಚು ತಾಸು ದುಡಿದಿರುವುದು ಔಷಧದ ಬ್ಲೋವರಿನೊಡನೆ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವು ತಗಡನ್ನೂ ತಂತಿಯನ್ನೂ ತಿನ್ನುತ್ತದೆ. ಮೇಲೆ ಬಣ್ಣ ಬಳಿದವನು ಮಡ್‌ಗಾರ್ಡಿನ ಒಳಮೈಗೆ ಬಳಿದಿರುವುದಿಲ್ಲ. ಬಗ್ಗಿ ನೋಡಿರಿ, ಬ್ಯಾಟರಿಯ ತಟ್ಟೆಯನ್ನು ಎತ್ತಿ ನೋಡಿರಿ, ವೈರಿನ ಕೀಲುಗಳಲ್ಲಿ ಹಸಿರು ಕಿಲುಬು ಇದೆಯೇ ಪರೀಕ್ಷಿಸಿರಿ. ಹಿಂದುಗಡೆ ತಿರುಗುವ ಪಿಟಿಒ ದಂಡದ ಹಲ್ಲುಗಳನ್ನು ಬೆರಳಿನಿಂದ ಮುಟ್ಟಿರಿ. ಅವು ಚೂಪಾಗಿ ಸವೆದಿದ್ದರೆ ಮೀಟರು ಎಷ್ಟು ತಾಸು ತೋರಿಸಿದರೂ ಯಂತ್ರ ಅದಕ್ಕಿಂತ ಹೆಚ್ಚು ದುಡಿದಿದೆ. ತಾಸಿನ ಮೀಟರು ಕೆಡುತ್ತದೆ, ಬದಲಾಗುತ್ತದೆ. ಕ್ಲಚ್ಚಿನ ಪೆಡಲಿನ ರಬ್ಬರು ನುಣ್ಣಗಾಗಿದ್ದರೆ, ಆಸನದ ಕೀಲು ಅಲುಗಾಡುತ್ತಿದ್ದರೆ ಆ ಸಾಕ್ಷಿ ಮೀಟರಿನ ಸಾಕ್ಷಿಗಿಂತ ಗಟ್ಟಿ.

ಬರಿಯ ಟ್ರ್ಯಾಕ್ಟರನ್ನು ರಸ್ತೆಯ ಮೇಲೆ ಓಡಿಸಿ ತೃಪ್ತರಾಗುವವರೇ ಹೆಚ್ಚು. ಹಾಗೆ ಮಾಡಬಾರದು. ರೋಟಾವೇಟರು ಕಟ್ಟಿಸಿ ಲಿಫ್ಟಿನಿಂದ ಮೇಲಕ್ಕೆ ಎತ್ತಿಸಿ, ಎಂಜಿನು ನಿಲ್ಲಿಸಿ, ಒಂದು ಚಹ ಕುಡಿಯಿರಿ. ಅಷ್ಟರಲ್ಲಿ ಅದು ನೆಲಕ್ಕೆ ಇಳಿದಿದ್ದರೆ ಹೈಡ್ರಾಲಿಕ್ಕಿನಲ್ಲಿ ಸೋರಿಕೆ ಇದೆ. ಬಳಿಕ ಗಟ್ಟಿ ನೆಲದಲ್ಲಿ ಅರ್ಧ ತಾಸು ರೋಟಾವೇಟರು ಹೊಡೆಸಿರಿ. ಕ್ಲಚ್ಚು ಜಾರುವುದು, ಗೇರು ತಾನಾಗಿ ಜಿಗಿಯುವುದು, ನೀರು ಕಾಯುವುದು, ಇವೆಲ್ಲ ಭಾರ ಬಿದ್ದಾಗಲೇ ಗೊತ್ತಾಗುವುದು. ನಾಲ್ಕು ಗಾಲಿಯ ಬಲದ ಟ್ರ್ಯಾಕ್ಟರಾದರೆ ಮುಂದಿನ-ಹಿಂದಿನ ಟೈರುಗಳು ಕಂಪನಿ ಹೇಳಿದ ಅಳತೆಯ ಜೋಡಿಯೇ ಆಗಿರಬೇಕು. ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಅಳತೆಯ ಟೈರು ಹಾಕಿದ್ದರೆ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಎಳೆದಾಟ ನಡೆದು ಒಳಗಿನ ಹಲ್ಲುಗಾಲಿಗಳು ಹಾಳಾಗುತ್ತವೆ. ಮುಂದಿನ ಆಕ್ಸಲ್ಲಿನ ಸೀಲಿನಿಂದ ಎಣ್ಣೆ ತೊಟ್ಟಿಕ್ಕುತ್ತಿದೆಯೇ ನೋಡಿರಿ. ಆ ಸೀಲು ವಿಜಯಪುರದಲ್ಲಿ ಸಿಗುವುದೋ ಸಾಂಗಲಿಯಲ್ಲಿ ಸಿಗುವುದೋ ಎಂಬುದನ್ನು ಕೊಳ್ಳುವ ಮೊದಲೇ ಅಂಗಡಿಯಲ್ಲಿ ವಿಚಾರಿಸಿರಿ. ನಂಬಿಕೆಯ ಮಿಸ್ತ್ರಿಯನ್ನು ಜೊತೆಗೆ ಕರೆದೊಯ್ದರೆ ಅವನ ಒಂದು ದಿನದ ಕೂಲಿ ವ್ಯರ್ಥವಾಗದು. ಆದರೆ ಮಾರುವವನೇ ಗೊತ್ತುಮಾಡಿದ ಮಿಸ್ತ್ರಿ ಬೇಡ.

ಇಷ್ಟು ಯಂತ್ರದ ಮಾತಾಯಿತು. ಗಡಿಯಲ್ಲಿರುವ ನಮಗೆ ಇದಕ್ಕಿಂತ ದೊಡ್ಡ ತೊಡಕು ಕಾಗದದ್ದು. ಅಥಣಿ, ವಿಜಯಪುರದ ಕಡೆಗೆ ನಮ್ಮ ಬೀಗರು, ನೆಂಟರು ಇದ್ದಾರೆ, ಸಂತೆಯೂ ಅಲ್ಲಿಯೇ. ಟ್ರ್ಯಾಕ್ಟರೂ ಅಲ್ಲಿಂದಲೇ ಬರುವುದು ಸಹಜ. ಅದರ ಮೇಲೆ ಕೆಎ 28 ಎಂದಿದ್ದರೆ ವಿಜಯಪುರದ ನೋಂದಣಿ, ಕೆಎ 23 ಎಂದಿದ್ದರೆ ಚಿಕ್ಕೋಡಿಯದು. ನಮ್ಮ ಸಾಂಗಲಿ ಜಿಲ್ಲೆಯದು ಎಂಎಚ್ 10. ನೂರು ರೂಪಾಯಿಯ ಸ್ಟಾಂಪು ಕಾಗದದ ಮೇಲೆ ನೋಟರಿಯ ಶಿಕ್ಕೆ ಒತ್ತಿಸಿ ‘ಟ್ರ್ಯಾಕ್ಟರು ಮಾರಿದ್ದೇನೆ’ ಎಂದು ಬರೆಸಿಕೊಂಡು, ವರ್ಷಗಟ್ಟಲೆ ಅದೇ ನಂಬರಿನಲ್ಲಿ ಓಡಿಸುವವರಿದ್ದಾರೆ. ಆ ಕಾಗದವು ಹಣ ಕೊಟ್ಟುದಕ್ಕೆ ಸಾಕ್ಷಿಯಾದೀತು, ಆದರೆ ಟ್ರ್ಯಾಕ್ಟರನ್ನು ನಿಮ್ಮ ಹೆಸರಿಗೆ ಮಾಡುವುದಿಲ್ಲ.

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಹೊಸ ನಂಬರು ಪಡೆಯಬೇಕು. ಹೆಸರು ಬದಲಾವಣೆಗೆ ಅಷ್ಟು ಕಾಲವೂ ಇಲ್ಲ. ಕೊಂಡವನು 30 ದಿನಗಳಲ್ಲಿ ತಿಳಿಸಬೇಕು. ಇವೆರಡಕ್ಕೂ ಮೂಲ ಕಚೇರಿಯ ನಿರಾಕ್ಷೇಪಣ ಪತ್ರ ಬೇಕು. ಜನರ ಬಾಯಲ್ಲಿ ಅದು ‘ಎನ್‌ಒಸಿ’. ಅದಕ್ಕೆ 28ನೆಯ ನಮೂನೆ. ಮಾರಾಟಕ್ಕೆ 29 ಮತ್ತು 30, ಹೊಸ ನಂಬರಿಗೆ 27. ಟ್ರ್ಯಾಕ್ಟರಿನ ಮೇಲೆ ಬ್ಯಾಂಕಿನ ಸಾಲವಿದ್ದರೆ ಆರ್‌ಸಿ ಪುಸ್ತಕದಲ್ಲಿಯೇ ಬ್ಯಾಂಕಿನ ಹೆಸರು ಬರೆದಿರುತ್ತದೆ. ಸಾಲ ತೀರಿದ ಮೇಲೆ 35ನೆಯ ನಮೂನೆ ಕೊಟ್ಟು ಅದನ್ನು ತೆಗೆಸಬೇಕು. ‘ಸಾಲ ಎಂದೋ ತೀರಿದೆ’ ಎಂಬ ಬಾಯಿಮಾತು ಸಾಲದು. ಪರಿವಾಹನದ ಮೊಬೈಲು ಆ್ಯಪಿನಲ್ಲಿ ನಂಬರು ಹಾಕಿದರೆ ನೋಂದಣಿ, ವಿಮೆಗಳ ವಿವರ ಕಾಣುತ್ತದೆ. ಓದು ಬಲ್ಲ ಹುಡುಗರ ಕೈಯಿಂದ ನೋಡಿಸಿರಿ. ಎಂಜಿನು ಮತ್ತು ಚಾಸಿಯ ಮೇಲೆ ಕೊರೆದ ನಂಬರುಗಳನ್ನು ಬಟ್ಟೆಯಿಂದ ಒರೆಸಿ, ಪುಸ್ತಕದ ನಂಬರಿನೊಡನೆ ಒಂದೊಂದು ಅಂಕಿಯನ್ನೂ ಕೂಡಿಸಿ ನೋಡತಕ್ಕದ್ದು.

ಟ್ರ್ಯಾಕ್ಟರು ಮೂರನೆಯ ಕೈಯಲ್ಲಿದ್ದು, ಪುಸ್ತಕದಲ್ಲಿ ಇನ್ನೂ ಮೊದಲನೆಯವನ ಹೆಸರೇ ಇರುವುದುಂಟು. ಖಾಲಿ ನಮೂನೆಯ ಮೇಲೆ ಅವನ ಸಹಿ ಇದೆ ಎಂದು ದಲಾಲನು ತೋರಿಸುತ್ತಾನೆ. ಅದನ್ನು ನಂಬಿ ಹಣ ಎಣಿಸಬೇಡಿರಿ. ಪುಸ್ತಕದಲ್ಲಿ ಹೆಸರಿರುವವನ ಮನೆಗೆ ಹೋಗಿರಿ. ಅವನು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ 31ನೆಯ ನಮೂನೆಯಿಂದ ಬದಲಾಗಬೇಕು. ಸಂಚಕಾರ ಕೊಡುವಾಗಲೇ ‘ಎನ್‌ಒಸಿ ಕೈಗೆ ಬಂದ ಮೇಲೆ ಉಳಿದ ಹಣ’ ಎಂದು ಬರೆಸಿಕೊಳ್ಳಿರಿ. ಒಪ್ಪದವನೊಡನೆ ವ್ಯವಹಾರವೇ ಬೇಡ.

ಮಾರುವವನಿಗೂ ಇದರಲ್ಲಿ ಹಿತವಿದೆ. ವಾಹನ ಮಾರಿದರೂ ಹೆಸರು ಬದಲಾಗದಿದ್ದರೆ, ಅಪಘಾತದ ಪರಿಹಾರದ ಹೊಣೆ ದಫ್ತರದಲ್ಲಿ ಹೆಸರಿರುವವನ ಮೇಲೆಯೇ ನಿಲ್ಲುತ್ತದೆಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಈ ಮಾತನ್ನು ಅಥಣಿಯ ನೆಂಟನಿಗೆ ಹೇಳಿದರೆ ಅವನೇ ಮುಂದಾಗಿ ಕಚೇರಿಗೆ ಬಂದಾನು. ವಿಮೆಯನ್ನು ತನ್ನ ಹೆಸರಿಗೆ ಮಾಡಿಕೊಳ್ಳಲು ಕೊಂಡವನು 14 ದಿನಗಳಲ್ಲಿ ಅರ್ಜಿ ಕೊಡಬೇಕು. ಅಂದಹಾಗೆ, ಒಕ್ಕಲುತನದ ಟ್ರ್ಯಾಕ್ಟರಿನ ವಿಮೆಯು ಟ್ರೇಲರಿನಲ್ಲಿ ಕುಳಿತ ಜನರಿಗಾಗಿ ಬರೆದುದಲ್ಲ. ಗುಡ್ಡಾಪುರದ ದಾನಮ್ಮನಿಗೆ ಮನೆಮಂದಿಯನ್ನೆಲ್ಲ ಟ್ರೇಲರಿನಲ್ಲಿ ತುಂಬಿಕೊಂಡು ಹೋಗುವವರು ಇದನ್ನು ತಿಳಿದಿರಲಿ.

ಬೆಲೆಯ ವಿಷಯ. ಟೈರು, ಕ್ಲಚ್ಚು, ಬ್ಯಾಟರಿ, ಸೀಲು, ಹೊಸ ನಂಬರಿನ ವೆಚ್ಚ ಇವನ್ನೆಲ್ಲ ಚೀಟಿಯ ಮೇಲೆ ಬರೆದು, ಕೇಳಿದ ಬೆಲೆಗೆ ಕೂಡಿಸಿದಾಗಲೇ ನಿಜವಾದ ಬೆಲೆ ಗೊತ್ತಾಗುವುದು. ಸಾಲ ಮಾಡಿ ಕೊಳ್ಳುವವರು ಇನ್ನೊಂದು ಲೆಕ್ಕ ಹಾಕಲಿ. 2 ಲಕ್ಷ ರೂಪಾಯಿಯನ್ನು ನೂರಕ್ಕೆ 12ರ ಬಡ್ಡಿಗೆ ತಂದರೆ ಮೊದಲನೆಯ ವರ್ಷದ ಬಡ್ಡಿಯೇ 24,000. ವರ್ಷಕ್ಕೆ 200 ತಾಸು ದುಡಿಸಿದರೆ, ಡೀಸಲು ಹಾಕುವ ಮೊದಲೇ ತಾಸಿಗೆ 120 ರೂಪಾಯಿ ಬಿತ್ತು. 50 ತಾಸು ಮಾತ್ರ ಕೆಲಸವಿದ್ದರೆ ಅದು 480 ಆಗುತ್ತದೆ. ನಿಮ್ಮೂರಿನ ಬಾಡಿಗೆಯ ದರದೊಡನೆ ಹೋಲಿಸಿ ನೋಡಿರಿ. ಎಕರೆ-ಎರಡೆಕರೆ ತೋಟದವನಿಗೆ ಬಾಡಿಗೆಯೇ ಅಗ್ಗವೆಂದು ಕಂಡರೆ ನಾಚಿಕೆ ಪಡಬೇಕಾದುದಿಲ್ಲ.

ಟ್ರ್ಯಾಕ್ಟರು ಮನೆಗೆ ಬಂದ ದಿನ ಪೂಜೆಯಾದ ಮೇಲೆ ಎಂಜಿನಿನ ಎಣ್ಣೆ, ಎಣ್ಣೆಯ ಮತ್ತು ಡೀಸಲಿನ ಫಿಲ್ಟರು, ರೇಡಿಯೇಟರಿನ ನೀರು ಇವನ್ನು ಬದಲಿಸಿರಿ. ಹಿಂದಿನವನು ಮೊನ್ನೆಯೇ ಬದಲಿಸಿದೆನೆಂದರೂ ಬದಲಿಸಿರಿ. ರೇಡಿಯೇಟರಿಗೆ ಬೋರಿನ ನೀರಿನ ಬದಲು ಕೂಲಂಟು ಹಾಕಿರಿ. ಪಿಟಿಒ ದಂಡಕ್ಕೆ ಮುಚ್ಚಿಗೆ ಇಲ್ಲದಿದ್ದರೆ ಕೆಲಸ ಹೂಡುವ ಮೊದಲು ಕೂಡಿಸಲೇಬೇಕು. ಆ ದಂಡವು ನಿಮಿಷಕ್ಕೆ 540 ಸುತ್ತು, ಎಂದರೆ ಕ್ಷಣಕ್ಕೆ 9 ಸುತ್ತು ತಿರುಗುತ್ತದೆ. ಧೋತರದ ಅಂಚಾಗಲಿ ಸೀರೆಯ ಸೆರಗಾಗಲಿ ಸಿಕ್ಕರೆ ಎಳೆದುಕೊಳ್ಳಲು ಕೈಗೆ ಸಮಯವಿರುವುದಿಲ್ಲ. ಒಂದು ನೋಟುಬುಕ್ಕು ಇಟ್ಟು, ಅಂದಿನ ಮೀಟರಿನ ತಾಸು, ಹಾಕಿದ ಎಣ್ಣೆ, ಕೊಟ್ಟ ಹಣ ಬರೆಯಲು ತೊಡಗಿರಿ. ಮುಂದೊಂದು ದಿನ ನೀವು ಮಾರುವವರಾದಾಗ, ಕೊಳ್ಳಲು ಬಂದವನು ಮೊದಲು ಕೇಳಬೇಕಾದುದು ಅದೇ ಪುಸ್ತಕ.