ಸಿರಾಯ ಭಾಷೆ: ಅದರ ಧ್ವನಿ ಹಾಗೂ ವ್ಯಾಕರಣ

ಒಂದು ಭಾಷೆಯನ್ನು ಮನೆಮಾತಾಗಿ ಆಡುವವರು ಒಬ್ಬರೂ ಉಳಿಯದಿದ್ದಾಗ ಅದರ ಧ್ವನಿಗಳನ್ನೂ ವ್ಯಾಕರಣವನ್ನೂ ಅರಿಯುವುದೆಂತು? ತೈವಾನ್ ದ್ವೀಪದ ಸಿರಾಯ ಭಾಷೆಯು ಈ ಪ್ರಶ್ನೆಗೆ ಬೋಧಪ್ರದವಾದ ನಿದರ್ಶನವಾಗಿದೆ.

ಸಿರಾಯವು ದ್ವೀಪದ ನೈಋತ್ಯ ಭಾಗದಲ್ಲಿ, ಇಂದಿನ ತೈನಾನ್ ನಗರದ ಸುತ್ತಮುತ್ತಣ ಬಯಲುಸೀಮೆಯಲ್ಲಿ ಬಳಕೆಯಲ್ಲಿತ್ತು. ಮಡಗಾಸ್ಕರದಿಂದ ಹವಾಯಿಯವರೆಗೆ ಹರಡಿರುವ ಆಸ್ಟ್ರೋನೇಷಿಯನ್ ಭಾಷಾ ಪರಿವಾರಕ್ಕೆ ಅದು ಸೇರಿದುದು. 1624ರಿಂದ 1662ರವರೆಗೆ ಡಚ್ ಈಸ್ಟ್ ಇಂಡಿಯಾ ಕಂಪನಿಯು ಅಲ್ಲಿ ನೆಲೆಯೂರಿದ್ದಾಗ ಪಾದ್ರಿಗಳು ಈ ಭಾಷೆಯನ್ನು ಕಲಿತು ರೋಮನ್ ಲಿಪಿಯಲ್ಲಿ ಬರೆದರು. ಡೇನಿಯಲ್ ಗ್ರಾವಿಯಸ್ ಅವರ ಮತ್ತಾಯನ ಸುವಾರ್ತೆಯ ಅನುವಾದವು 1661ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಸಿರಾಯ ಪಾಠದ ಪಕ್ಕದಲ್ಲಿಯೇ ಡಚ್ ಪಾಠವೂ ಇದ್ದುದರಿಂದ ಮುಂದಿನ ವಿದ್ವಾಂಸರಿಗೆ ಅದೇ ಕೀಲಿಕೈಯಾಯಿತು.

ಆದರೆ ಬರೆಹವು ಧ್ವನಿಯಲ್ಲ. ಡಚ್ಚರು ತಮ್ಮ ಕಾಗುಣಿತದ ರೂಢಿಯಂತೆ ಸಿರಾಯವನ್ನು ಬರೆದರು. ಡಚ್ ಭಾಷೆಯಲ್ಲಿ ವ್ಯಂಜನವನ್ನು ಇಮ್ಮಡಿಸಿ ಬರೆದರೆ ಅದರ ಹಿಂದಿನ ಸ್ವರವು ಹ್ರಸ್ವವೆಂದು ಅರ್ಥ. ಕನ್ನಡದ ಒತ್ತಕ್ಷರದಂತೆ ಅದು ದ್ವಿತ್ವವಲ್ಲ. ಆದಕಾರಣ ಒಡಹುಟ್ಟಿದ ಭಾಷೆಗಳೊಡನೆ ಹೋಲಿಸಿ ನಿರ್ಣಯಿಸಬೇಕಾಗುತ್ತದೆ. 'ಐದು' ಎಂಬುದಕ್ಕೆ ಮಲಯದಲ್ಲಿ 'ಲಿಮ', ಸಿರಾಯದಲ್ಲಿ 'ರಿಮ'. ಮೂಲದ ಲಕಾರವು ಸಿರಾಯದಲ್ಲಿ ರಕಾರವಾಗಿದೆಯೆಂದು ಇದರಿಂದ ತಿಳಿಯುತ್ತದೆ. 'ಮತ' ಎಂಬುದು ಎರಡರಲ್ಲಿಯೂ 'ಕಣ್ಣು'.

ವ್ಯಾಕರಣವು ಕನ್ನಡಕ್ಕಿಂತ ತೀರ ಭಿನ್ನ. ಕನ್ನಡದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬಂದರೆ, ಸಿರಾಯದಲ್ಲಿ ಅದು ಮೊದಲಿಗೇ ಬರುತ್ತದೆ. ವಾಕ್ಯದಲ್ಲಿ ಕರ್ತೃವು ಪ್ರಧಾನವೋ ಕ್ರಿಯೆಗೆ ಒಳಗಾದುದು ಪ್ರಧಾನವೋ ಎಂಬುದನ್ನು ಕ್ರಿಯಾಪದದ ಪ್ರತ್ಯಯಗಳೇ ಸೂಚಿಸುತ್ತವೆ. 'ಪ' ಎಂಬ ಪೂರ್ವಪ್ರತ್ಯಯವು ಕನ್ನಡದ 'ಇಸು' ಪ್ರತ್ಯಯದಂತೆ ಪ್ರೇರಣಾರ್ಥವನ್ನು ಕೊಡುತ್ತದೆ. ಕೇಳುವವರನ್ನು ಒಳಗೊಂಡ 'ನಾವು' ಬೇರೆ, ಅವರನ್ನು ಹೊರಗಿಟ್ಟ 'ನಾವು' ಬೇರೆ. ತುಳುವಿನ 'ನಮ' ಮತ್ತು 'ಎಂಕುಲು' ಬಲ್ಲವರಿಗೆ ಈ ಭೇದವು ಹೊಸದಲ್ಲ. ಮುಂದೆ ಬರಲಿರುವ ಮುಖ್ಯ ಕ್ರಿಯಾಪದದ ಆದಿಯ ಧ್ವನಿಯು ಅದರ ಹಿಂದಿನ ಸಹಾಯಕ ಪದಕ್ಕೆ ಮುಂಚಿತವಾಗಿಯೇ ಅಂಟಿಕೊಳ್ಳುವುದು ಈ ಭಾಷೆಯ ವಿಶೇಷ. ಅಲೆಕ್ಸಾಂಡರ್ ಆಡೆಲಾರ್ ಅವರು 2011ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವೆಲ್ಲವನ್ನೂ ಸವಿಸ್ತಾರವಾಗಿ ವಿವೇಚಿಸಿದ್ದಾರೆ.

ಡಚ್ಚರು ಹೊರಟುಹೋದ ಬಳಿಕವೂ ಸಿರಾಯ ಜನರು ಆ ಲಿಪಿಯನ್ನು ಬಿಡಲಿಲ್ಲ. 19ನೆಯ ಶತಮಾನದ ಆದಿಭಾಗದವರೆಗೂ ಭೂಮಿಯ ಕ್ರಯ, ಅಡಮಾನಗಳ ಪತ್ರಗಳನ್ನು ಅದರಲ್ಲಿಯೇ ಬರೆದುಕೊಂಡರು. ಸಿಂಕಾನ್ ಹಸ್ತಪ್ರತಿಗಳೆಂದು ಪ್ರಸಿದ್ಧವಾದ ಇವನ್ನು ಮುರಕಾಮಿ ನಾವೊಜಿರೊ ಅವರು 1933ರಲ್ಲಿ ಪ್ರಕಟಿಸಿದರು. ಆದರೆ ಚೀನಾದಿಂದ ವಲಸೆ ಬಂದವರ ಭಾಷೆಯು ಸಂತೆಯನ್ನು ವ್ಯಾಪಿಸಿ, ಬಳಿಕ ಮನೆಯನ್ನೂ ಹೊಕ್ಕಿತು. 19ನೆಯ ಶತಮಾನದ ಅಂತ್ಯದ ಹೊತ್ತಿಗೆ ಸಿರಾಯವು ನಾಲಗೆಯಿಂದ ಮರೆಯಾಯಿತು. ಲಿಪಿಯಿದ್ದೂ ಭಾಷೆ ಉಳಿಯಲಿಲ್ಲವೆಂಬುದು ಇಲ್ಲಿ ಮನನೀಯ.

ಕಥೆಯು ಅಲ್ಲಿಗೇ ಮುಗಿಯಲಿಲ್ಲ. ಫಿಲಿಪೀನ್ಸಿನ ಬಿಸಾಯ ಭಾಷಿಕರಾದ ಎಡ್ಗರ್ ಮಕಪಿಲಿ ಅವರು ಹಳೆಯ ಸುವಾರ್ತೆಯಲ್ಲಿ ತಮ್ಮ ನುಡಿಯ ಬಂಧುಗಳನ್ನು ಗುರುತಿಸಿ, 2008ರಲ್ಲಿ ಸಿರಾಯ ಪದಕೋಶವೊಂದನ್ನು ಹೊರತಂದರು. ಅದರ ನೆರವಿನಿಂದ ಸಿರಾಯ ವಂಶದ ಮಕ್ಕಳು ಪೂರ್ವಿಕರ ನುಡಿಯನ್ನು ಪಾಠವಾಗಿ ಕಲಿಯತೊಡಗಿದರು. ಗ್ರಂಥವು ಭಾಷೆಯ ಬೀಜವನ್ನು ಕಾಪಿಡಬಲ್ಲುದು. ಅದು ಮೊಳೆಯುವುದು ಮಕ್ಕಳ ಬಾಯಲ್ಲಿ ಮಾತ್ರ.