ಮೇಷ್ಟ್ರ ಯೂಡೋರಾ ಮತ್ತು ಹೊಸ ನಂಬರು

ಮೈಸೂರಿನ ಸರಸ್ವತಿಪುರಂನಲ್ಲಿದ್ದ ಮೇಷ್ಟ್ರ ಮನೆಯ ಹಜಾರದಲ್ಲಿ, ಹಿಂದೆ ರೇಡಿಯೊ ಇಡುತ್ತಿದ್ದ ಮೇಜಿನ ಮೇಲೆ, 2000ನೇ ಇಸವಿಯಲ್ಲೂ ಒಂದು 486 ಕಂಪ್ಯೂಟರ್ ಕೂತಿತ್ತು. ವಿಂಡೋಸ್ 3.1, 8 ಎಂಬಿ ಮೆಮೊರಿ. ಸಿಡಿ ಡ್ರೈವ್ ಇರಲಿಲ್ಲ. ನ್ಯೂಜೆರ್ಸಿಗೆ ಹೋಗುವ ಮುನ್ನ ಮಗಳು ಅದನ್ನು ಯಾರಿಂದಲೋ ಕೊಂಡು, ಮೋಡೆಮ್ ಜೋಡಿಸಿ, ಅಪ್ಪನಿಗೆ ಮೇಲ್ ನೋಡುವುದನ್ನು ಕಲಿಸಿ ವಿಮಾನ ಹತ್ತಿದ್ದಳು. ಮೇಷ್ಟ್ರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು. ನಾನೂ ಅವಳೂ ಅವರ ಒಂದೇ ತರಗತಿಯ ಶಿಷ್ಯರು. ರಾತ್ರಿ ಊಟವಾದ ಮೇಲೆ ಅವರು ಮೋಡೆಮಿನ ಸ್ವಿಚ್ ಹಾಕುವರು. ಅದು ಕೀ ಎಂದು ಕೂಗಿ, ಬುಸುಗುಟ್ಟಿ ಸುಮ್ಮನಾಗುವುದು. ಮಗಳ ಕಾಗದ ಇಳಿಸಿಕೊಂಡು ಫೋನ್ ಬಿಡಿಸಿ, ಆಮೇಲೆ ನಿಧಾನವಾಗಿ ಓದುವರು. ಲೈನಿನಲ್ಲಿ ಇದ್ದಷ್ಟು ಹೊತ್ತೂ ಗಂಟೆಯ ಲೆಕ್ಕ ಒಂದು ಕಡೆ, ಫೋನ್ ಬಿಲ್ಲು ಇನ್ನೊಂದು ಕಡೆ.

ಒಂದು ದಿನ ಅವರಿಂದ ಫೋನ್ ಬಂತು. "ಇಂಟರ್ನೆಟ್ ಕಂಪನಿ ಬದಲಾಯಿಸಿಬಿಟ್ಟೆ ಕಣಯ್ಯ. ಇದು ಅಗ್ಗ. ನಂಬರ್ ಒಂದು ಬದಲಾಯಿಸಿದ್ರೆ ಸಾಕಂತೆ. ಭಾನುವಾರ ಬರ್ತೀಯಾ?"

ಆ ನಂಬರ್ ಒಂದರ ಹಿಂದೆ ಎರಡು ಭಾನುವಾರ ಕಳೆದವು.

ಆಗಿನ ದಿನಗಳನ್ನು ಸ್ವಲ್ಪ ನೆನಪಿಸಬೇಕು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮೂರು ವರ್ಷಕ್ಕೂ ಹೆಚ್ಚು ಕಾಲ ಮನೆಯ ಬಳಕೆದಾರರಿಗೆ ಅದೊಂದೇ ಬಾಗಿಲು. 1998ರ ನವೆಂಬರಿನಲ್ಲಿ ಸರ್ಕಾರ ಖಾಸಗಿ ಕಂಪನಿಗಳಿಗೂ ಅವಕಾಶ ಕೊಟ್ಟ ಮೇಲೆ ಊರೂರಲ್ಲಿ ಹೊಸ ಹೆಸರುಗಳು ಹುಟ್ಟಿಕೊಂಡವು. ಇಷ್ಟು ಗಂಟೆಗೆ ಇಷ್ಟು ಎಂಬ ಪ್ಯಾಕೆಟ್ಟುಗಳು ಅಂಗಡಿಗಳಲ್ಲಿ ತೂಗಿದವು. ಒಂದು ಮುಗಿದೊಡನೆ ಇನ್ನೊಂದು ಕಂಪನಿಯದನ್ನು ಕೊಳ್ಳುವುದು ಜನರಿಗೆ ರೂಢಿಯಾಯಿತು. ಪ್ಯಾಕೆಟ್ಟಿನೊಳಗೆ ಒಂದು ಸಿಡಿ ಇರುತ್ತಿತ್ತು. ಅದನ್ನು ಹಾಕಿದರೆ ಎಲ್ಲವೂ ತಾನೇ ಸರಿಹೋಗುತ್ತದೆ ಎಂದು ಅದರ ಮೇಲೆ ಬರೆದಿರುತ್ತಿತ್ತು. ವಿಂಡೋಸ್ 98 ಇದ್ದವರಿಗೆ ಅದು ನಿಜವೂ ಹೌದು. ಮೇಷ್ಟ್ರ 486ಕ್ಕೆ ಸಿಡಿ ತೂರಿಸಲು ಜಾಗವೇ ಇರಲಿಲ್ಲ.

ಮೇಷ್ಟ್ರ ಫೋನ್ ಬರುವುದಕ್ಕೆ ಒಂದು ವರ್ಷ ಹಿಂದೆ, ನನ್ನ ಸ್ವಂತ ಖಾತೆ ಬದಲಾಯಿಸುವಾಗ, ನಾನೊಂದು ತಪ್ಪು ಮಾಡಿದ್ದೆ. ಹೊಸ ಕಂಪನಿಯ ಲೈನು ಹತ್ತಿದ ಸಂತೋಷದಲ್ಲಿ ಹಳೆಯ ಮೇಲ್ ವಿಳಾಸವನ್ನು ಅವತ್ತೇ ಅಳಿಸಿ ಹೊಸದನ್ನು ತುಂಬಿದೆ. ಹಳೆಯ ಖಾತೆಯ ಅವಧಿ ಇನ್ನು ನಾಲ್ಕು ದಿನ ಉಳಿದಿತ್ತು. ಆ ನಾಲ್ಕು ದಿನಗಳಲ್ಲಿ ಅಲ್ಲಿಗೆ ಬಂದ ಪತ್ರಗಳನ್ನು ನಾನು ಇಳಿಸಿಕೊಳ್ಳಲೇ ಇಲ್ಲ. ಅದರಲ್ಲಿ ಒಂದು ಸಂದರ್ಶನಕ್ಕೆ ಕರೆದ ಪತ್ರವೂ ಇತ್ತೆಂದು ತಿಳಿದದ್ದು ಸಂದರ್ಶನದ ದಿನ ದಾಟಿ ಎರಡು ವಾರಗಳಾದ ಮೇಲೆ. ಅಷ್ಟರಲ್ಲಿ ಪೆಟ್ಟಿಗೆಯೇ ಇರಲಿಲ್ಲ. ಹಾಗಾಗಿ ಮೇಷ್ಟ್ರ ಮನೆಗೆ ಹೋದವನು ಮೊದಲು ಮಾಡಿದ ಕೆಲಸ ಕೀಲಿಮಣೆ ಮುಟ್ಟದಿರುವುದು. ಅವರ ಹಳೆಯ ಖಾತೆ ಇನ್ನೆಷ್ಟು ದಿನ ಜೀವಂತವಿದೆ ಎಂದು ರಸೀತಿ ತೆಗೆಸಿ ನೋಡಿದೆ. ಎರಡು ತಿಂಗಳಿತ್ತು.

ಎರಡನೆಯದು ನೋಟ್‌ಬುಕ್ಕು. ಪರದೆಯ ಮೇಲೆ ಎಲ್ಲೆಲ್ಲಿ ಹಳೆಯ ಕಂಪನಿಯ ಹೆಸರೋ ಅಂಕಿಯೋ ಇದೆಯೋ ಅಲ್ಲೆಲ್ಲ ಹೋಗಿ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಂಡೆವು. ನಾನು ಓದುತ್ತಾ ಹೋದೆ, ಮೇಷ್ಟ್ರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡರು. ಕೊನೆಗೆ ಎಣಿಸಿದರೆ ಏಳು ಕಡೆ ಇತ್ತು. ಡಯಲ್ ಮಾಡುವ ನಂಬರು ಅವುಗಳಲ್ಲಿ ಒಂದು ಮಾತ್ರ.

ಮೂರನೆಯದು ಫ್ಲಾಪಿ. ಮೇಷ್ಟ್ರು ಮೇಲ್ ನೋಡುತ್ತಿದ್ದ ಯೂಡೋರಾ ಎಂಬ ತಂತ್ರಾಂಶದ ದೊಡ್ಡ ಗುಣವೆಂದರೆ ಅದು ಪತ್ರಗಳನ್ನು ಸಾದಾ ಪಠ್ಯದ ಕಡತಗಳಲ್ಲಿ ಇಡುತ್ತಿತ್ತು. ಮೇಷ್ಟ್ರು ಒಂದೊಂದು ವರ್ಷಕ್ಕೆ ಒಂದೊಂದು ಪೆಟ್ಟಿಗೆ ಮಾಡಿಕೊಂಡಿದ್ದರು. ಎಲ್ಲವನ್ನೂ ಒಟ್ಟಿಗೆ ಒತ್ತಿ ಹಲವು ಫ್ಲಾಪಿಗೆ ಹಂಚುವ ವಿಧಾನ ಆಗ ಜನಪ್ರಿಯ. ನನಗೆ ಅದು ಇಷ್ಟವಿರಲಿಲ್ಲ, ಏಕೆಂದರೆ ಸರಣಿಯಲ್ಲಿ ಒಂದು ಫ್ಲಾಪಿ ಕೆಟ್ಟರೂ ಉಳಿದವೂ ಹೋದಂತೆಯೇ. ಆದ್ದರಿಂದ ಒಂದು ವರ್ಷಕ್ಕೆ ಒಂದು ಫ್ಲಾಪಿ, ಮೇಲೆ ಇಸವಿ ಬರೆದ ಚೀಟಿ.

ಇನ್ನು ಲೈನು. ವಿಂಡೋಸ್ 3.1 ತಾನಾಗಿ ಇಂಟರ್ನೆಟ್ಟಿನ ಭಾಷೆ ಮಾತಾಡದು. ಅದಕ್ಕೆ ಮಾತು ಕಲಿಸುತ್ತಿದ್ದುದು ಟ್ರಂಪೆಟ್ ವಿನ್‌ಸಾಕ್ ಎಂಬ ಚಿಕ್ಕ ತಂತ್ರಾಂಶ. ಬರೆದವನು ಆಸ್ಟ್ರೇಲಿಯಾದ ಟಾಸ್ಮೇನಿಯಾದ ಪೀಟರ್ ಟಾಟಮ್. 90ರ ದಶಕದ ನಡುವಿನಲ್ಲಿ ಲೋಕದ ಲೆಕ್ಕವಿಲ್ಲದಷ್ಟು ಮನೆಗಳು ಅವನೊಬ್ಬನ ದುಡಿಮೆಯಿಂದ ಇಂಟರ್ನೆಟ್ ಕಂಡವು. ಬಹುಪಾಲು ಜನ ಅವನಿಗೆ ಸಲ್ಲಬೇಕಾದ ಹಣ ಕಳಿಸಲಿಲ್ಲ ಎಂಬುದು ಇವತ್ತಿಗೂ ನನ್ನನ್ನು ನೋಯಿಸುತ್ತದೆ. ಈ ಟ್ರಂಪೆಟ್ಟಿಗೆ ಒಂದು ಲಾಗಿನ್ ಸ್ಕ್ರಿಪ್ಟ್ ಇರುತ್ತಿತ್ತು. ನಂಬರು ತಿರುಗಿಸು, ಆ ಕಡೆಯ ಯಂತ್ರ ಲಾಗಿನ್ ಎಂದು ಕೇಳುವವರೆಗೆ ಕಾಯಿ, ಹೆಸರು ಹೇಳು, ಪಾಸ್‌ವರ್ಡ್ ಕೇಳುವವರೆಗೆ ಕಾಯಿ, ಅದನ್ನೂ ಹೇಳು. ಇಂಥ ಸ್ಕ್ರಿಪ್ಟುಗಳಲ್ಲಿ ಲಾಗಿನ್ ಎಂಬ ಇಂಗ್ಲಿಷ್ ಪದದ ಮೊದಲ ಅಕ್ಷರವನ್ನು ಬೇಕೆಂದೇ ಬಿಟ್ಟು, ಉಳಿದ ನಾಲ್ಕು ಅಕ್ಷರಗಳಿಗೆ ಮಾತ್ರ ಕಾಯುವಂತೆ ಬರೆಯುತ್ತಿದ್ದರು. ಆ ಕಡೆಯವರು ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆದರೂ ಚಿಕ್ಕದಾಗಿ ಬರೆದರೂ ಕೆಲಸ ಕೆಡಬಾರದಲ್ಲ!

172ರಿಂದ ಶುರುವಾಗುವ ಹೊಸ ಆರಂಕಿಯ ನಂಬರು ತುಂಬಿಸಿ ಡಯಲ್ ಮಾಡಿದೆವು. ಮೋಡೆಮು ಕೂಗಿತು, ಆ ಕಡೆ ಎತ್ತಿತು, ಕನೆಕ್ಟ್ ಎಂಬ ಪದವೂ ಬಂತು. ಆಮೇಲೆ ಏನೂ ಇಲ್ಲ. ಅರ್ಧ ನಿಮಿಷ ಕಾದು ಫೋನ್ ಬಿಟ್ಟುಕೊಂಡಿತು. ಮತ್ತೆ ಮಾಡಿದರೂ ಅಷ್ಟೇ. ಕಂಪನಿಗೆ ಫೋನ್ ಮಾಡಿದರೆ "ಸಿಡಿ ಹಾಕಿ ಸಾರ್" ಎಂಬುದೇ ಉತ್ತರ. ಮೂರನೇ ಸಲ ಪರದೆಯನ್ನು ದಿಟ್ಟಿಸಿ ನೋಡುತ್ತಿದ್ದಾಗ, ಕನೆಕ್ಟ್ ಆದ ಮೇಲೆ ಒಂದು ಅಲೆಗೆರೆ, ಒಂದೆರಡು ಪುಷ್ಪಾವರಣ, ಅರ್ಥವಿಲ್ಲದ ಚಿಹ್ನೆಗಳ ಸಾಲು ಮೂಡಿ ನಿಂತದ್ದು ಕಣ್ಣಿಗೆ ಬಿತ್ತು. ನಾನು ಮೊದಲು ಅದನ್ನು ಲೈನಿನ ಗೊರಗೊರ ಎಂದುಕೊಂಡಿದ್ದೆ. ಅದು ಗೊರಗೊರ ಅಲ್ಲ, ಪಿಪಿಪಿ ಎಂಬ ಸಂಪರ್ಕ ವಿಧಾನದ ಮೊದಲ ಮಾತು. ಹೊಸ ಕಂಪನಿಯ ಯಂತ್ರ ಲಾಗಿನ್ ಎಂದು ಇಂಗ್ಲಿಷಿನಲ್ಲಿ ಕೇಳುವುದೇ ಇಲ್ಲ. ಫೋನ್ ಎತ್ತಿದೊಡನೆ ನೇರವಾಗಿ ಪಿಪಿಪಿಯಲ್ಲಿ ಮಾತಾಡಿ, ಅದರೊಳಗೇ ಪ್ಯಾಪ್ ಎಂಬ ಕ್ರಮದಲ್ಲಿ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ನಮ್ಮ ಸ್ಕ್ರಿಪ್ಟು ಎಂದಿಗೂ ಬಾರದ ಪದಕ್ಕೆ ಬಾಗಿಲಲ್ಲಿ ಕಾಯುತ್ತಾ ನಿಂತಿತ್ತು. ಕಾಯುವ ಸಾಲುಗಳನ್ನು ತೆಗೆದು, ಟ್ರಂಪೆಟ್ಟಿನ ಪಿಪಿಪಿ ಆಯ್ಕೆಯೊಳಗೆ ಹೆಸರು, ಪಾಸ್‌ವರ್ಡ್ ತುಂಬಿದ ಕೂಡಲೇ ಲೈನು ಹತ್ತಿತು.

"ಬಂತಾ?" ಎಂದರು ಮೇಷ್ಟ್ರು.

"ಲೈನ್ ಬಂತು ಮೇಷ್ಟ್ರೇ. ಕಾಗದ ಇನ್ನೂ ಇಲ್ಲ."

ಹೆಸರನ್ನು ಅಂಕಿಗೆ ತಿರುಗಿಸಿಕೊಡುವ ಡಿಎನ್‌ಎಸ್ ಸರ್ವರಿನ ವಿಳಾಸ ಹಳೆಯ ಕಂಪನಿಯದೇ ಇತ್ತು, ಅದು ಹೊಸ ಕಂಪನಿಯ ಗಿರಾಕಿಗೆ ಉತ್ತರ ಕೊಡುತ್ತಿರಲಿಲ್ಲ. ಆ ಅಂಕಿಗಳನ್ನು ಬದಲಾಯಿಸಿದೆವು. ಆಮೇಲೆ ಯೂಡೋರಾ ನಡೆಯಿತು, ವೆಬ್ ನೋಡುವ ನೆಟ್‌ಸ್ಕೇಪ್ ಮಾತ್ರ ಒಂದು ಪುಟವನ್ನೂ ತೆರೆಯಲಿಲ್ಲ. ಅದರ ಪ್ರಾಕ್ಸಿ ಎಂಬ ಕಿಟಕಿಯೊಳಗೆ ಹಳೆಯ ಕಂಪನಿಯ ಹೆಸರು ಕೂತಿತ್ತು. ಒಂದು ತಂತ್ರಾಂಶ ನಡೆದು ಇನ್ನೊಂದು ನಡೆಯದಿದ್ದರೆ ಲೈನನ್ನು ಬೈಯಬಾರದು, ನಡೆಯದ ತಂತ್ರಾಂಶದೊಳಗೇ ಹುಡುಕಬೇಕು ಎಂದು ನಾನು ಆವತ್ತು ಕಂಡುಕೊಂಡೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದದ್ದು ಅಂಚೆ. ಮಗಳ ಪತ್ರ ಹಳೆಯ ಪೆಟ್ಟಿಗೆಯಿಂದ ಚೆನ್ನಾಗಿ ಇಳಿಯಿತು. ಮೇಷ್ಟ್ರು ಉತ್ತರ ಬರೆದು ಕಳಿಸಿದರೆ 550 ಎಂಬ ಅಂಕಿಯ ಜೊತೆಗೆ, ಇದನ್ನು ಮುಂದಕ್ಕೆ ಸಾಗಿಸಲಾಗದು ಎಂಬರ್ಥದ ಸಾಲೊಂದು ವಾಪಸ್ಸು ಬಂತು. ಒಳಬರುವ ಅಂಚೆ ಪಾಪ್ ಸರ್ವರಿನದು, ಹೊರಹೋಗುವುದು ಎಸ್‌ಎಂಟಿಪಿ ಸರ್ವರಿನದು. ಇವೆರಡೂ ಬೇರೆ. ಮನೆ ಬಾಗಿಲಿನ ಪೆಟ್ಟಿಗೆಗೆ ಬೀಗದ ಕೈ ಇದ್ದರೆ ಎಲ್ಲಿಂದ ಬಂದರೂ ತೆಗೆಯಬಹುದು. ಆದರೆ ಹೊರಹೋಗುವ ಅಂಚೆಗೆ ಆ ಕಾಲದ ಸರ್ವರುಗಳು ಪಾಸ್‌ವರ್ಡ್ ಕೇಳುತ್ತಲೇ ಇರಲಿಲ್ಲ. ಅದನ್ನು ಕೇಳುವ ಕ್ರಮ 1999ರಲ್ಲಷ್ಟೇ ಲಿಖಿತ ರೂಪಕ್ಕೆ ಬಂದಿತ್ತು, ಹಳೆಯ ಯೂಡೋರಾಕ್ಕೆ ಅದು ಗೊತ್ತೇ ಇಲ್ಲ. ಹಾಗಾಗಿ ಕಸದಂಚೆ ಕಳಿಸುವವರನ್ನು ತಡೆಯಲು ಕಂಪನಿಗಳು ತಮ್ಮ ಲೈನಿನಲ್ಲಿ ಬಂದವರ ಪತ್ರವನ್ನು ಮಾತ್ರ ಸಾಗಿಸುತ್ತಿದ್ದವು. ಮೇಷ್ಟ್ರು ಈಗ ಹೊರಗಿನವರು.

ನೋಟ್‌ಬುಕ್ಕಿನಲ್ಲಿ ಎಸ್‌ಎಂಟಿಪಿ ಎಂಬುದರ ಮುಂದೆ ಖಾಲಿ ಎಂದು ಬರೆದಿತ್ತು. ಖಾಲಿ ಇದ್ದದ್ದರಲ್ಲಿ ತಪ್ಪು ಹುಡುಕುವುದು ನನಗೆ ಹೊಳೆಯಲೇ ಇಲ್ಲ, ಅರ್ಧ ಗಂಟೆ ಬೇರೆಲ್ಲ ತಡಕಾಡಿದೆ. ಆ ಜಾಗ ಖಾಲಿ ಬಿಟ್ಟರೆ ಯೂಡೋರಾ ಒಳಬರುವ ಸರ್ವರನ್ನೇ ಹೊರಹೋಗುವುದಕ್ಕೂ ಬಳಸುತ್ತದೆ. ಅಲ್ಲಿ ಹೊಸ ಕಂಪನಿಯ ಹೆಸರು ತುಂಬಿದ ಮೇಲೆ ಪತ್ರ ಹೊರಟಿತು.

ಒಂದೇ ತೊಡಕು ಉಳಿಯಿತು. ಎರಡು ತಿಂಗಳು ಎರಡು ಪೆಟ್ಟಿಗೆ ನೋಡಬೇಕು, ಆ ಹಳೆಯ ಉಚಿತ ಯೂಡೋರಾ ಒಂದೇ ಖಾತೆ ಬಲ್ಲದು. ಆದರೆ ಅದನ್ನು ತೆರೆಯುವ ಆಜ್ಞೆಯ ಕೊನೆಗೆ ಬೇರೊಂದು ಫೋಲ್ಡರಿನ ಹೆಸರು ಕೊಟ್ಟರೆ, ಅಲ್ಲಿಯ ಸೆಟ್ಟಿಂಗುಗಳನ್ನು ಓದಿಕೊಂಡು ಬೇರೆಯೇ ಯೂಡೋರಾದಂತೆ ತೆರೆದುಕೊಳ್ಳುತ್ತಿತ್ತು. ಹೀಗೆ ಎರಡು ಚಿತ್ರಗಳು ಪರದೆಯ ಮೇಲೆ ಬಂದವು. ಮೇಷ್ಟ್ರು ಅವಕ್ಕೆ ಹಳೆ ಮನೆ, ಹೊಸ ಮನೆ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಹೆಸರಿಟ್ಟರು. ಎರಡರಲ್ಲೂ ಹೊರಹೋಗುವ ಸರ್ವರು ಹೊಸದು, ಮರುವಿಳಾಸವೂ ಹೊಸದು. ಹಳೆ ಮನೆಯಿಂದ ಉತ್ತರ ಬರೆದರೂ ಪಡೆದವರು ಮತ್ತೆ ಬರೆಯುವಾಗ ಅದು ತಾನಾಗಿ ಹೊಸ ಮನೆಗೆ ಬರುತ್ತಿತ್ತು.

ಎರಡನೇ ಭಾನುವಾರ ಕಾಫಿ ಕುಡಿಯುತ್ತಾ ಯೂಡೋರಾ ಎಂಬ ಹೆಸರಿನ ಕಥೆ ಹೇಳಿದೆ. ಯೂಡೋರಾ ಬರೆದವನು ಇಲಿನಾಯ್ ವಿಶ್ವವಿದ್ಯಾಲಯದ ಸ್ಟೀವ್ ಡಾರ್ನರ್, 1988ರಲ್ಲಿ. ಅಂಚೆ ಕಚೇರಿಯಲ್ಲೇ ಮನೆ ಮಾಡಿಕೊಂಡ ಹೆಣ್ಣೊಬ್ಬಳ ಬಗ್ಗೆ ಯೂಡೋರಾ ವೆಲ್ಟಿ 1941ರಲ್ಲಿ ಬರೆದ ಸಣ್ಣಕಥೆ ಅವನ ನೆನಪಿನಲ್ಲಿತ್ತು, ಅದಕ್ಕೇ ಈ ಹೆಸರು. ಮೇಷ್ಟ್ರು ಲೋಟ ಕೆಳಗಿಟ್ಟರು. "ವೆಲ್ಟೀನಾ? ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ ನೀನು?" ಎಂದವರು ಎದ್ದುಹೋಗಿ ಕಪಾಟಿನಿಂದ ಅಮೆರಿಕನ್ ಕಥೆಗಳ ಒಂದು ಸಂಕಲನ ತಂದು ಪುಟ ಹುಡುಕಲು ಕೂತರು. ಆವತ್ತು ಪ್ರಾಕ್ಸಿ, ಪ್ಯಾಪ್ ಎಲ್ಲವೂ ಅಲ್ಲಿಗೇ ನಿಂತವು.

ಇದೇ ಕೆಲಸವನ್ನು ಆಮೇಲೆ ಹತ್ತಾರು ಮನೆಗಳಲ್ಲಿ ಮಾಡಿದೆ. ವಿಂಡೋಸ್ 95ರಲ್ಲಿ ತಾಪತ್ರಯ ಬೇರೆ. ಡಿಎನ್‌ಎಸ್ ಅಂಕಿ ಎರಡು ಕಡೆ ಅಡಗಿರುತ್ತದೆ, ಕಂಟ್ರೋಲ್ ಪ್ಯಾನೆಲ್ಲಿನ ನೆಟ್‌ವರ್ಕ್ ಒಳಗೊಂದು, ಡಯಲ್-ಅಪ್ ಸಂಪರ್ಕದ ಒಳಗೊಂದು. ಮೊದಲನೆಯದನ್ನು ಮುಟ್ಟಿದರೆ ಕಂಪ್ಯೂಟರ್ ವಿಂಡೋಸಿನ ಸಿಡಿ ಕೇಳಿ, ಮತ್ತೆ ಶುರುವಾಗಬೇಕೆನ್ನುತ್ತದೆ. ಸಂಪರ್ಕದೊಳಗೆ ಬೇಡದ ನೆಟ್‌ವರ್ಕ್ ಲಾಗಿನ್ ಗುರುತನ್ನೂ ಟಿಸಿಪಿ-ಐಪಿ ಬಿಟ್ಟು ಉಳಿದೆರಡು ವಿಧಾನಗಳ ಗುರುತನ್ನೂ ತೆಗೆದರೆ ಲಾಗಿನ್ ಆಗುವ ಹೊತ್ತು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತಿತ್ತು. ಒಂದು ಡಿಟಿಪಿ ಅಂಗಡಿಯಲ್ಲಿ ಎಲ್ಲ ಸರಿಮಾಡಿ ಬಂದ ಮಾರನೆಯ ದಿನ ಅಂಗಡಿಯವರು ಫೋನ್ ಮಾಡಿ, ಮೇಲ್ ನೋಡಲು ಹೋದಾಗಲೆಲ್ಲ ಹಳೆಯ ನಂಬರಿಗೇ ಡಯಲ್ ಆಗುತ್ತದೆ ಎಂದರು. ಔಟ್‌ಲುಕ್ ಎಕ್ಸ್‌ಪ್ರೆಸ್‌ನ ಆ ಖಾತೆಗೆ, ಯಾವಾಗಲೂ ಈ ಸಂಪರ್ಕದಿಂದಲೇ ಹೋಗು ಎಂಬ ಪ್ರತ್ಯೇಕ ಗುರುತು ಇತ್ತು. ನಾನು ಅಲ್ಲಿ ಇಣುಕಿರಲಿಲ್ಲ. ಅಲ್ಲಿಂದ ಮುಂದೆ ಹಳೆಯ ಸಂಪರ್ಕದ ಹೆಸರನ್ನು ಕೂಡಲೇ ಅಳಿಸದೆ, ಅದರ ನಂಬರನ್ನು ಮಾತ್ರ ತೆಗೆದುಹಾಕುತ್ತಿದ್ದೆ. ಯಾವ ತಂತ್ರಾಂಶ ಅದನ್ನು ಇನ್ನೂ ಕರೆಯುತ್ತಿದೆ ಎಂಬುದು ಆಗ ತಾನಾಗಿ ಗೊತ್ತಾಗುತ್ತಿತ್ತು.

ಮೇಷ್ಟ್ರ ಮನೆಯಲ್ಲಿ ಆ 486 ಇನ್ನೂ ಎರಡು ವರ್ಷ ದುಡಿಯಿತು. ಯೂಡೋರಾ ಕ್ವಾಲ್‌ಕಾಮ್ ಕಂಪನಿಯ ಕೈಯಲ್ಲಿ ಬೆಳೆದು, 2006ರಲ್ಲಿ ನಿಂತುಹೋಯಿತು. ಅದರ ಮೂಲ ಸಂಕೇತವನ್ನು ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ 2018ರಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಮೇಷ್ಟ್ರು ಅದನ್ನು ನೋಡಲು ಇರಲಿಲ್ಲ.

ಅವರ ಮನೆ ಖಾಲಿ ಮಾಡಲು ಮಗಳು ಬಂದಾಗ ಕಪಾಟಿನಲ್ಲಿ ಆ ನೋಟ್‌ಬುಕ್ಕೂ, ರಬ್ಬರ್ ಬ್ಯಾಂಡ್ ಹಾಕಿದ ಫ್ಲಾಪಿಗಳೂ ಸಿಕ್ಕವು. ಯುಎಸ್‌ಬಿಗೆ ಹಾಕುವ ಫ್ಲಾಪಿ ಡ್ರೈವ್ ಒಂದನ್ನು ಎರವಲು ತಂದೆ. 1999ರದ್ದು ಓದಲಿಲ್ಲ. ಉಳಿದವು ಓದಿದವು. ಯೂಡೋರಾ ಬೇಕಾಗಲೇ ಇಲ್ಲ, ನೋಟ್‌ಪ್ಯಾಡಿನಲ್ಲಿ ಕಡತ ತೆರೆದುಕೊಂಡಿತು. ಅಪ್ಪ ಮಗಳು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡ ಕನ್ನಡ, ಊಟ ಆಯಿತಾ ಎಂಬಲ್ಲಿಂದ ಹಿಡಿದು, ಒಂದರ ಕೆಳಗೊಂದು ಸಾಲುಸಾಲಾಗಿ ಇತ್ತು. ಯೂಡೋರಾ ತನ್ನ ಕಡತದಲ್ಲಿ ಪ್ರತಿ ಪತ್ರವನ್ನು ಬೇರ್ಪಡಿಸಲು ಒಂದು ಸಾಲು ಹಾಕುತ್ತಿತ್ತು. ಅದರಲ್ಲಿ ಬರೆದವರ ವಿಳಾಸ ಇರಬೇಕಾದ ಜಾಗದಲ್ಲಿ ಯಾವಾಗಲೂ ಇದೇ ಇರುತ್ತದೆ: ???@???. ಅದರ ಮುಂದೆ ವಾರ, ತಿಂಗಳು, ತಾರೀಕು, ಗಂಟೆ.

ಅವಳು ಗಂಟೆಗಳನ್ನು ನೋಡುತ್ತಾ ಕೂತಳು. ಹೆಚ್ಚಿನವು ರಾತ್ರಿ ಒಂಬತ್ತರ ಮೇಲಿನವು.