ಧಾರೇಶ್ವರರ ಪದ್ಯ: ಹೊಸ ಕೇಳುಗರಿಗೊಂದು ಪರಿಚಯ

ಕುಂದಾಪುರದಿಂದ ಬೈಂದೂರಿನ ಕಡೆ ಹೆದ್ದಾರಿ ಹಿಡಿದು ಮರವಂತೆ, ನಾವುಂದ ದಾಟಿದರೆ ಕಿರಿಮಂಜೇಶ್ವರ. ಯಕ್ಷಗಾನದ ಭಾಗವತ ಸುಬ್ರಹ್ಮಣ್ಯ ಧಾರೇಶ್ವರರು ಮನೆ ಮಾಡಿಕೊಂಡಿದ್ದ ಊರು ಇದು. 1957ರಲ್ಲಿ ಗೋಕರ್ಣದಲ್ಲಿ ಹುಟ್ಟಿದ ಅವರು 2024ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಆಟಕ್ಕೆ, ಅಂದರೆ ಪ್ರದರ್ಶನಕ್ಕೆ, ಮೊದಲ ಸಲ ಹೊರಟಿರುವ ನಿಮಗೆ ಇಲ್ಲಿ ಅವರ ಹೆಸರಿನ ಜೊತೆಗೇ ಒಂದು ತಕರಾರೂ ಕೇಳಿಸುತ್ತದೆ. ಒಬ್ಬರು ‘ಹ್ವಾಯ್, ಎಂತಾ ಪದ್ಯ ಮಾರಾಯ್ರೆ’ ಎಂದರೆ, ಪಕ್ಕದಲ್ಲಿ ಕೂತವರು ‘ಪದ್ಯ ಹೌದು, ಯಕ್ಷಗಾನ ಎಲ್ಲಿತ್ತು?’ ಎನ್ನುತ್ತಾರೆ. ಈ ಇಬ್ಬರಲ್ಲಿ ಯಾರನ್ನೂ ತಳ್ಳಿಹಾಕಬೇಡಿ. ಇಬ್ಬರೂ ಏನನ್ನು ಕೇಳಿ ಹಾಗೆ ಹೇಳುತ್ತಾರೆಂದು ತಿಳಿದರೆ ಅರ್ಧ ಯಕ್ಷಗಾನ ತಿಳಿದಂತೆ.

ಮೊದಲು ಭಾಗವತರ ಕೆಲಸ ನೋಡೋಣ. ಅವರನ್ನು ಬರೀ ಹಾಡುಗಾರರೆಂದು ತಿಳಿಯಬೇಡಿ. ಕೈಯಲ್ಲಿ ತಾಳ, ಜೊತೆಗೆ ಮದ್ದಳೆ, ಚಂಡೆ. ಇದು ಹಿಮ್ಮೇಳ. ಎದುರಿಗೆ ಕುಣಿದು ಮಾತಾಡುವ ವೇಷಧಾರಿಗಳದ್ದು ಮುಮ್ಮೇಳ. ಯಾವ ಪದ್ಯ ಉಳಿಸಬೇಕು, ಯಾವುದನ್ನು ಬಿಡಬೇಕು, ಯಾರಿಗೆ ಎಷ್ಟು ಕುಣಿತ, ಬೆಳಗಾಗುವುದರೊಳಗೆ ಕತೆ ಹೇಗೆ ಮುಗಿಯಬೇಕು ಎಲ್ಲವೂ ಭಾಗವತರ ಕೈಯಲ್ಲಿ. ಹಾಗಾಗಿಯೇ ನಮ್ಮ ಕಡೆ ಭಾಗವತರು ಪದ್ಯ ‘ಹಾಡುತ್ತಾರೆ’ ಎನ್ನುವುದಿಲ್ಲ, ‘ಹೇಳುತ್ತಾರೆ’ ಎನ್ನುತ್ತೇವೆ.

ಇನ್ನು ಪ್ರಸಂಗದ ಪುಸ್ತಕ. ಆಡುವ ಕತೆಯನ್ನು ಪದ್ಯಗಳಲ್ಲಿ ಬರೆದದ್ದೇ ಪ್ರಸಂಗ. ಒಂದು ಹಳೆಯ ಪ್ರಸಂಗ ತೆರೆದರೆ ಪ್ರತಿ ಪದ್ಯದ ತಲೆಯ ಮೇಲೆ ರಾಗ ಮತ್ತು ತಾಳದ ಹೆಸರು ಅಚ್ಚಾಗಿರುತ್ತದೆ. ಏಕ, ಅಷ್ಟ, ಝಂಪೆ, ರೂಪಕ, ತ್ರಿವುಡೆ ಇವೆಲ್ಲ ತಾಳಗಳು. ಪದ್ಯದ ಅಕ್ಷರಗಳೇ ತಾಳಕ್ಕೆ ತಕ್ಕಂತೆ ಕೂತಿರುವುದರಿಂದ ತಾಳ ಅಲುಗಿದರೆ ವೇಷಧಾರಿಯ ಹೆಜ್ಜೆ ಅಲುಗುತ್ತದೆ. ರಾಗ ಹಾಗಲ್ಲ. ಪುಸ್ತಕದಲ್ಲಿ ಒಂದು ರಾಗದ ಹೆಸರಿದ್ದರೂ ಭಾಗವತರು ಇನ್ನೊಂದರಲ್ಲಿ ಹೇಳಬಹುದು, ಹೇಳುತ್ತಲೂ ಬಂದಿದ್ದಾರೆ. ನಾನು ಹೇಳುತ್ತಿರುವ ತಕರಾರು ಹುಟ್ಟುವುದು ಈ ಸಡಿಲ ಜಾಗದಲ್ಲಿ.

ಧಾರೇಶ್ವರರಿಗಿಂತ ಮೊದಲು ಈ ಜಾಗಕ್ಕೆ ಧೈರ್ಯವಾಗಿ ಕಾಲಿಟ್ಟವರು ಗುಂಡ್ಮಿ ಕಾಳಿಂಗ ನಾವಡರು. ಭಾಗವತಿಕೆಯ ಮನೆತನದ ಹುಡುಗ, ಹಿರಿಯ ಭಾಗವತ ನಾರಣಪ್ಪ ಉಪ್ಪೂರರ ಶಿಷ್ಯ, ಸಾಲಿಗ್ರಾಮ ಮೇಳದ, ಅಂದರೆ ಆ ಹೆಸರಿನ ಆಟದ ತಂಡದ, ಭಾಗವತ. ಹಿಂದುಸ್ತಾನಿ ಸಂಗೀತದ, ಭಾವಗೀತೆಯ ಗುಂಗುಳ್ಳ ರಾಗಗಳನ್ನು ರಂಗಸ್ಥಳಕ್ಕೆ ತಂದರು. ತಾವೇ ಹೊಸ ಪ್ರಸಂಗಗಳನ್ನು ಬರೆದರು. ‘ನಾಗಶ್ರೀ’ ಅವರದೇ. ಜನ ಅವರನ್ನು ಕರಾವಳಿಯ ಕೋಗಿಲೆ ಎಂದರು. 1990ರ ಮೇ 27ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ನಾವಡರಿಗೆ ಇನ್ನೂ ಮೂವತ್ತೆರಡು ತುಂಬಿರಲಿಲ್ಲ.

ಧಾರೇಶ್ವರರೂ ಉಪ್ಪೂರರ ಗರಡಿಯವರೇ. ಕೋಟ ಅಮೃತೇಶ್ವರಿ ಮೇಳಕ್ಕೆ ಅವರು ಬಂದದ್ದು ವಿದ್ಯುತ್ ದೀಪದ ಕೆಲಸಕ್ಕೆ. ಅಲ್ಲಿಂದ ಹಿಮ್ಮೇಳಕ್ಕೆ ಹತ್ತಿ, ಮುಂದೆ ಪೆರ್ಡೂರು ಮೇಳದಲ್ಲಿ 25ಕ್ಕೂ ಹೆಚ್ಚು ವರ್ಷ ಪ್ರಧಾನ ಭಾಗವತರಾದರು. ಪೆರ್ಡೂರು ಮತ್ತು ಸಾಲಿಗ್ರಾಮ ಎರಡೂ ಡೇರೆ ಮೇಳಗಳು. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೊಸಬರು ಇಲ್ಲೇ ಎಡವುತ್ತಾರೆ. ಮಂದಾರ್ತಿ, ಮಾರಣಕಟ್ಟೆಯಂಥ ಕ್ಷೇತ್ರದ ಮೇಳಗಳಲ್ಲಿ ಹರಕೆ ಹೊತ್ತವರು ಆಟ ಆಡಿಸುತ್ತಾರೆ, ನೋಡುವವರಿಗೆ ಟಿಕೆಟ್ ಇಲ್ಲ. ಡೇರೆ ಮೇಳದ ಯಜಮಾನರಿಗೆ ಹಾಗಲ್ಲ. ಗೇಟಿನಲ್ಲಿ ಬಂದ ದುಡ್ಡಿನಲ್ಲೇ ಕಲಾವಿದರ ಸಂಬಳ, ಲಾರಿ, ಡೇರೆ, ದೀಪ ಎಲ್ಲ ನಡೆಯಬೇಕು. ಜನ ಬರಬೇಕಾದರೆ ಹೊಸ ಕತೆ ಬೇಕು, ಕೇಳಿದವರು ಮನೆಗೆ ಗುನುಗಿಕೊಂಡು ಹೋಗುವಂಥ ಪದ್ಯ ಬೇಕು. ಧಾರೇಶ್ವರರ ಕಂಠ ಅದಕ್ಕೆ ಹೇಳಿ ಮಾಡಿಸಿದಂತಿತ್ತು: ಇಂಪು, ಸ್ಪಷ್ಟ ಸಾಹಿತ್ಯ, ಶೃಂಗಾರಕ್ಕೂ ಕರುಣಕ್ಕೂ ಒದಗುವ ಮಾಧುರ್ಯ.

ಅದರ ಮೇಲೆ ಕ್ಯಾಸೆಟ್ ಬಂತು. ಧಾರೇಶ್ವರರ ಪದ್ಯಗಳು ನೂರಾರು ಧ್ವನಿಸುರುಳಿಗಳಲ್ಲಿ ಮನೆ, ಅಂಗಡಿ, ಬಸ್ಸು ಹೊಕ್ಕವು. ಆಟಕ್ಕೆ ಕಾಲಿಡದವರೂ, ಮುಂಬಯಿಯ ಹೋಟೆಲಿನಲ್ಲಿ ದುಡಿಯುವ ನಮ್ಮೂರ ಹುಡುಗರೂ ಅವರ ಅಭಿಮಾನಿಗಳಾದರು.

ಹಾಗಾದರೆ ಬೇಸರ ಯಾರಿಗೆ? ಉಪ್ಪೂರರ ಕಾಲದ ಭಾಗವತಿಕೆ ಕೇಳಿ ಬೆಳೆದವರಿಗೆ. ಅವರ ಕಿವಿಗೆ ಯಕ್ಷಗಾನದ ಪದ್ಯ ಎಂದರೆ ಎತ್ತರದ ಶ್ರುತಿ, ಕಡಿಮೆ ಆಲಾಪನೆ, ಮಾತಿಗೆ ದಾರಿ ಬಿಡುವ ಬಿಗಿ. ಒಂದೇ ಸಾಲನ್ನು ನಾಲ್ಕು ಬಗೆಯಲ್ಲಿ ಎಳೆದು ಹೇಳಿದರೆ ಪಾತ್ರ ನಿಂತಲ್ಲೇ ಕಾಯುತ್ತದೆ ಎಂಬುದು ಅವರ ವಾದ. ಯಕ್ಷಗಾನದ ಹಳೆಯ ರಾಗಗಳು ಬಳಕೆ ತಪ್ಪಿ ಹೋದಾವು ಎಂಬುದು ಇನ್ನೂ ಗಂಭೀರವಾದ ಮಾತು. ಈ ಮಾತಿಗೆ ದೊಡ್ಡ ಹಿನ್ನೆಲೆಯಿದೆ. ಕೋಟದ ಶಿವರಾಮ ಕಾರಂತರು ‘ಯಕ್ಷಗಾನ ಬಯಲಾಟ’ ಬರೆದು 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು, ಹಳೆಯ ರಾಗಗಳ ಬಗ್ಗೆ ಬಹಳ ತಲೆ ಕೆಡಿಸಿಕೊಂಡವರು. ಅದೇ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಗೆ ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿದರು! ಹಳತು ಉಳಿಯಲಿ ಎಂದವರೆಲ್ಲ ಹೊಸತು ಬೇಡ ಎಂದವರಲ್ಲ.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ರಾಗ ಹೊಸದು ಎಂಬ ಒಂದೇ ಕಾರಣಕ್ಕೆ ಧಾರೇಶ್ವರರನ್ನು ತೆಗಳುವುದು ಅನ್ಯಾಯ. ತಾಳ ಬಿಗಿಯಾಗಿದ್ದು, ಸಾಹಿತ್ಯ ಕೇಳಿಸಿ, ಪಾತ್ರದ ಭಾವ ಏರುತ್ತಿದ್ದರೆ ಆ ಪದ್ಯ ಯಕ್ಷಗಾನವೇ. ಅವರ ಒಳ್ಳೆಯ ಪದ್ಯಗಳಲ್ಲಿ ಈ ಮೂರೂ ಇವೆ. ನಷ್ಟವಾದದ್ದು ಬೇರೆ ಕಡೆ. ಕ್ಯಾಸೆಟ್ಟಿನಲ್ಲಿ ಪದ್ಯ ಉಳಿಯಿತು, ಅದರ ಜೊತೆಗಿನ ಕುಣಿತ, ಅದರ ಬಳಿಕದ ಅರ್ಥ, ಅಂದರೆ ವೇಷಧಾರಿಯ ಮಾತು, ಬಿದ್ದುಹೋಯಿತು. ಹಾಗೆ ಕೇಳಿ ಅಭ್ಯಾಸವಾದವರು ಡೇರೆಗೆ ಬಂದು ಸನ್ನಿವೇಶವನ್ನು ಬಿಟ್ಟು ಹಾಡಿಗೆ ಕಾದರು. ಚಪ್ಪಾಳೆ ಬಿದ್ದ ಕಡೆ ಪದ್ಯ ಉದ್ದವಾಯಿತು. ಭಾಗವತರಷ್ಟೇ ಪಾಲು ಇದರಲ್ಲಿ ಕೇಳುಗರಾದ ನಮ್ಮದೂ ಇದೆ.

ಅಭಿಮಾನಿಗಳ ಈ ಪಕ್ಷಭೇದಕ್ಕೆ ನಮ್ಮಲ್ಲಿ ಒಂದು ರಂಗವೇ ಇದೆ, ಜೋಡಾಟ. ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಒಂದೇ ಪ್ರಸಂಗ ಆಡುತ್ತವೆ, ಜನ ಯಾವ ಕಡೆ ಹೆಚ್ಚು ತಿರುಗಿದರು ಎಂಬುದೇ ತೀರ್ಪು. ಹುಮ್ಮಸ್ಸಿಗೆ ಚೆಂದ. ಆದರೆ ಕಲಿಯುವವರು ಜೋಡಾಟದಿಂದ ಶುರು ಮಾಡಬೇಡಿ. ಅಲ್ಲಿ ಗೆಲ್ಲುವುದು ಹೆಚ್ಚಾಗಿ ಅಬ್ಬರ.

ಹೀಗೆ ಮಾಡಿ. ‘ಕೃಷ್ಣಸಂಧಾನ’ದಂಥ ಒಂದು ಹಳೆಯ ಪ್ರಸಂಗ ಹಿಡಿಯಿರಿ. ಅದರ ಒಂದೇ ಪದ್ಯವನ್ನು ಬೇರೆ ಬೇರೆ ಭಾಗವತರ ಧ್ವನಿಮುದ್ರಣದಲ್ಲಿ ಕೇಳಿ. ಮೊದಲ ಸಲ ರಾಗ ಮರೆತು ಕೈಯಲ್ಲಿ ತಾಳ ಹಾಕಿ. ಎರಡನೇ ಸಲ ಪದಗಳು ಪೂರ್ತಿ ತಿಳಿದವೇ ನೋಡಿ. ಮೂರನೇ ಸಲ, ಇದನ್ನು ಹೇಳುವಾಗ ಕೃಷ್ಣನ ವೇಷ ಏನು ಮಾಡುತ್ತಿದ್ದೀತು ಎಂದು ಯೋಚಿಸಿ. ರಾಗದ ಇಂಪನ್ನು ಕೊನೆಗೆ ಅಳೆಯಿರಿ. ಪೆರ್ಡೂರು ಮೇಳದಲ್ಲಿ ಧಾರೇಶ್ವರರ ಬಳಿಕ ಹೆಸರು ಮಾಡಿದ ಜನ್ಸಾಲೆ ರಾಘವೇಂದ್ರ ಆಚಾರ್ಯರ ಬಗ್ಗೆಯೂ ಇದೇ ವಾದ ನಡೆದಿದೆ. ಅವರನ್ನೂ ಹೀಗೆಯೇ ಕೇಳಿ.

ಅದಾದ ಮೇಲೆ ಆಟಕ್ಕೇ ಹೋಗಿ. ದೀಪಾವಳಿ ಕಳೆಯುತ್ತಲೇ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ಮಳೆಗಾಲದ ಹೊಸ್ತಿಲವರೆಗೆ ನಡೆಯುತ್ತವೆ. ಹರಕೆ ಆಟಕ್ಕೆ ಕಾಸು ಬೇಕಿಲ್ಲ, ಡೇರೆ ಆಟಕ್ಕೆ ಟಿಕೆಟ್ ಕೊಳ್ಳಿ. ಎರಡನ್ನೂ ಒಮ್ಮೆಯಾದರೂ ಆರಂಭದಿಂದ ಮಂಗಳದವರೆಗೆ ನೋಡಿ. ಧಾರೇಶ್ವರರ ಬಗ್ಗೆ ಯಾವ ಪಕ್ಷ ಸೇರಬೇಕೆಂದು ಆಮೇಲೆ ತೀರ್ಮಾನಿಸಿ.